ಜೇನುನೊಣದ ಹಂಚು

ನಾನು ಇಂಗ್ಲಿಷ್ ಅಕ್ಷರ ಕಲಿತದ್ದು ಮನೆಯ ಮಾಡಿನಿಂದ. ನೇತ್ರಾವತಿಯ ಗಾಳಿ ನೇರ ಒಳಗೆ ಬರುತ್ತಿದ್ದ ನಮ್ಮ ಮನೆಗೆ ಮುಚ್ಚಿಗೆ ಇರಲಿಲ್ಲ. ಚಾಪೆಯ ಮೇಲೆ ಅಂಗಾತ ಬಿದ್ದರೆ ಮೇಲೆ ಪಕ್ಕಾಸು, ಪಕ್ಕಾಸಿನ ಮೇಲೆ ರೀಪು, ರೀಪಿನ ಸಂದಿಯಲ್ಲಿ ಸಾಲುಸಾಲಾಗಿ ಹಂಚುಗಳ ಹೊಟ್ಟೆ. ಒಂದೊಂದರ ಹೊಟ್ಟೆಯ ಮೇಲೂ ಉಬ್ಬಿದ ಅಕ್ಷರ. ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಕೆಲವು ಕಡೆ ‘ಬಾಸೆಲ್’ ರೀಪಿನ ಹಿಂದೆ ಅಡಗಿ ‘ಮಿಶನ್’ ಮಾತ್ರ ಕಾಣುತ್ತಿತ್ತು. ಜ್ವರ ಬಂದು ಮಲಗಿದ ದಿನಗಳಲ್ಲಿ ಸೋದರಮಾವ ಕೊಕ್ಕೆಕೋಲಿನಿಂದ ಒಂದೊಂದೇ ಅಕ್ಷರ ಮುಟ್ಟಿ ಹೇಳಿಕೊಟ್ಟರು. 1865 ನಮ್ಮ ಮನೆ ಕಟ್ಟಿದ ವರ್ಷ ಎಂದು ನಾನು ಎಂಟನೆಯ ಕ್ಲಾಸಿನವರೆಗೂ ನಂಬಿದ್ದೆ. ನೆರೆಮನೆಯ ಹಂಚಿನಲ್ಲೂ ಅದೇ ವರ್ಷ ಇರುವುದನ್ನು ನೋಡಿ, ಊರಿಗೆ ಊರೇ ಒಂದೇ ವರ್ಷ ಗೃಹಪ್ರವೇಶ ಮಾಡಿಕೊಂಡಿತೇ ಎಂದು ಆಶ್ಚರ್ಯಪಟ್ಟಿದ್ದೂ ಉಂಟು.

ಅಮ್ಮ ಹದಿನಾರರಲ್ಲಿ ಹಂಚಿನ ಕಾರ್ಖಾನೆ ಸೇರಿದವಳು. ಬಾಸೆಲ್ ಮಿಶನ್ನಿನದಲ್ಲ, ಅದರ ನಂತರ ಹೊಳೆಬದಿಯಲ್ಲಿ ಹುಟ್ಟಿಕೊಂಡವುಗಳಲ್ಲಿ ಒಂದು. ಪ್ರೆಸ್ಸಿನಿಂದ ಹೊರಬಂದ ಹಸಿ ಹಂಚಿನ ನಾಲ್ಕೂ ಬದಿಗೆ ಮಣ್ಣು ಚಾಚಿಕೊಂಡಿರುತ್ತದೆ. ಅದನ್ನು ಕೆತ್ತಿ, ಅಂಚನ್ನು ಹೆಬ್ಬೆರಳಿನಿಂದ ಸವರಿ, ಹಲಗೆಯ ಮೇಲಿಟ್ಟು ಒಣಗಲು ಬಿಡುವುದು ಅವಳ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದಳು. ಬಲಗೈ ಹೆಬ್ಬೆರಳ ತುದಿ ಚಪ್ಪಟೆಯಾಗಿ, ಅಲ್ಲಿನ ಗೆರೆಗಳೆಲ್ಲ ಮಾಸಿಹೋಗಿವೆ. ಆಧಾರ್ ಮಾಡಿಸಲು ಹೋದಾಗ ಮೆಷಿನ್ನು ಆ ಬೆರಳನ್ನು ಬೆರಳೆಂದೇ ಒಪ್ಪಲಿಲ್ಲ. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಗ್ರಾಚ್ಯುಟಿಗೆಂದು ಅವಳು ಎಷ್ಟು ಸಲ ಬಸ್ಸು ಹತ್ತಿದಳು, ಎಷ್ಟು ಕೈಗೆ ಬಂತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಸ್ ಚಾರ್ಜು ಕಳೆದರೆ ಹೇಳುವಂಥದ್ದೇನೂ ಉಳಿಯುವುದಿಲ್ಲ.

ಇಷ್ಟು ಪೀಠಿಕೆ ಯಾಕೆಂದರೆ, ಫ್ರಾನ್ಸಿನ ಮಾರ್ಸೇಲ್ಸಿಗೆ ಹೋಗಿ ಬಂದವಳು ಮೊದಲು ಸಮುದ್ರದ ಬಗ್ಗೆ ಹೇಳಬೇಕು. ನಾನು ಮಾಡಿನ ಬಗ್ಗೆ ಹೇಳಲು ಹೊರಟಿದ್ದೇನೆ.

ಮಗ ಆಗ ಅಲ್ಲಿನ ಲೂಮಿನಿ ಕ್ಯಾಂಪಸ್ಸಿನಲ್ಲಿ ಸಂಶೋಧನೆ ಮಾಡುತ್ತಿದ್ದ. ನಾನು ಹೈಸ್ಕೂಲಿನ ಕನ್ನಡ ಟೀಚರ್ ಕೆಲಸದಿಂದ ಸ್ವಯಂನಿವೃತ್ತಿ ಪಡೆದ ವರ್ಷ ಅದು, 2018ರ ಕೊನೆ. ಬೇಸಗೆಯಲ್ಲಿ ಬಾ, ಊರು ಚಂದ ಇರುತ್ತದೆ ಎಂದು ಅವನು ಹೇಳಿದ್ದ. ಚಳಿಗಾಲದಲ್ಲಿ ಟಿಕೇಟು ಅಗ್ಗ ಎಂದು ಯಜಮಾನರು ಹೇಳಿದರು. ಅವರು ಅಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದರು, ನಾನು ಒಬ್ಬಳೇ ಹೊರಟೆ. ಮಂಗಳೂರಿನವರಿಗೆ ಚಳಿಯೆಂದರೆ ಡಿಸೆಂಬರಿನಲ್ಲಿ ಎರಡು ದಿನ ಫ್ಯಾನನ್ನು ಒಂದು ಪಾಯಿಂಟ್ ಕಡಿಮೆ ಮಾಡುವುದು. ಆ ಲೆಕ್ಕದಲ್ಲೇ ನಾನು ಎರಡು ಸ್ವೆಟರ್, ಒಂದು ಶಾಲು, ಒಂದು ಮಂಕಿ ಕ್ಯಾಪ್ ತುಂಬಿಕೊಂಡು ಹೋದೆ.

ಪ್ಯಾರಿಸ್ಸಿನಿಂದ ರೈಲು ಮೂರು ತಾಸು ಚಿಲ್ಲರೆ. ಸಾಂ ಶಾರ್ಲ್ ಸ್ಟೇಷನ್ನಿನ ಹೊರಬಾಗಿಲಲ್ಲಿ ಊರು ಒಮ್ಮೆಗೇ ಕಾಲ ಕೆಳಗೆ ಬಿಚ್ಚಿಕೊಳ್ಳುತ್ತದೆ. 104 ಮೆಟ್ಟಿಲುಗಳ ದೊಡ್ಡ ಸೋಪಾನ, ಕೆಳಗೆ ಬೀದಿ, ಬೀದಿಯಾಚೆ ಮನೆಗಳ ರಾಶಿ, ರಾಶಿಯ ಮೇಲೆ ಒಂದು ಗುಡ್ಡ, ಗುಡ್ಡದ ತುದಿಯಲ್ಲಿ ಇಗರ್ಜಿ, ಅದರ ತುದಿಯಲ್ಲಿ ಚಿನ್ನದ ಬಣ್ಣದ ಮಾತೆ. ಮೆಟ್ಟಿಲ ಬದಿಗಳಲ್ಲಿ ಏಷ್ಯಾದ ವಸಾಹತು, ಆಫ್ರಿಕಾದ ವಸಾಹತು ಎಂದು ಇಬ್ಬರು ಹೆಂಗಸರನ್ನು ಕಲ್ಲಿನಲ್ಲಿ ಮಲಗಿಸಿದ್ದಾರೆ. 1920ರ ದಶಕದಲ್ಲಿ ಮಾಡಿದ್ದು. ನಾಚಿಕೆ ಎಂಬುದು ಆ ಕಾಲದ ಶಿಲ್ಪಿಗಳ ಉಳಿಯನ್ನು ಮುಟ್ಟಿದಂತಿಲ್ಲ. ಒಬ್ಬಳ ಮೊಣಕಾಲ ಮೇಲೆ ಒಬ್ಬ ಹುಡುಗ ಬೆನ್ನಿಟ್ಟು ಸಿಗರೇಟು ಸೇದುತ್ತಿದ್ದ.

ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಗಾಳಿ ಹಿಡಿಯಿತು. ಆಕಾಶ ನೋಡಿದರೆ ನಮ್ಮ ಜನವರಿಯ ಹಾಗೆ ನೀಲಿ, ಒಂದು ಮೋಡದ ಚೂರಿಲ್ಲ, ಬಿಸಿಲು ಕಣ್ಣು ಕುಕ್ಕುತ್ತದೆ. ಆ ಬಿಸಿಲಿನೊಳಗಿಂದ ಚೂರಿಯಂಥ ಗಾಳಿ. ಇದಕ್ಕೆ ಮಿಸ್ತ್ರಾಲ್ ಎಂದು ಹೆಸರು. ಉತ್ತರದಲ್ಲಿ ತಣ್ಣಗಾದ ಗಾಳಿ ರೋನ್ ನದಿಯ ಕಣಿವೆಯ ಇಕ್ಕಟ್ಟಿಗೆ ಸಿಕ್ಕಿ, ವೇಗ ಹೆಚ್ಚಿಸಿಕೊಂಡು ಸಮುದ್ರದ ಕಡೆಗೆ ಓಡುತ್ತದೆ. ಮೋಡಗಳನ್ನೆಲ್ಲ ಅದೇ ಗುಡಿಸಿಕೊಂಡು ಹೋಗುವುದರಿಂದ ಬಿಸಿಲೂ ಅದರದ್ದೇ ಕೊಡುಗೆ. ಮೂರು ದಿನ, ಇಲ್ಲವೇ ಆರು ದಿನ, ಇಲ್ಲವೇ ಒಂಬತ್ತು ದಿನ ಬೀಸುತ್ತದೆ ಎಂದು ಅಲ್ಲಿಯವರ ನಂಬಿಕೆ. ನಾನಿದ್ದಾಗ ನಾಲ್ಕು ದಿನ ಬೀಸಿತು. ಮಂಕಿ ಕ್ಯಾಪ್ ಎಳೆದುಕೊಂಡೆ. ಮಗ ಎರಡು ಹೆಜ್ಜೆ ಮುಂದೆ ನಡೆದ.

“ಅಮ್ಮ, ಅದೊಂದು ತೆಗಿಯಮ್ಮ. ಬ್ಯಾಂಕ್ ದೋಚುಲಿಕ್ಕೆ ಬಂದವರ ಹಾಗೆ ಕಾಣ್ತದೆ.”

“ನೀನು ನನ್ನ ಮಗ ಅಂತ ಯಾರಿಗೂ ಹೇಳಬೇಡ ಮಾರಾಯ, ಆಯ್ತಲ್ಲ,” ಎಂದೆ. ಒಂದೂವರೆ ತಿಂಗಳು ಅದನ್ನು ತೆಗೆಯಲಿಲ್ಲ.

ಮೊದಲ ವಾರ ಎಲ್ಲರೂ ನೋಡುವುದನ್ನೇ ನೋಡಿದೆ. ಹಳೇ ಬಂದರಿನಲ್ಲಿ ಬೆಳಿಗ್ಗೆ ದೋಣಿಯವರು ನೇರ ದಕ್ಕೆಯ ಮೇಲೆ ಮೀನು ಮಾರುತ್ತಾರೆ. ನಮ್ಮ ದಕ್ಕೆ ಕಂಡವರಿಗೆ ಅದು ಮೀನು ಮಾರ್ಕೆಟ್ಟಲ್ಲ, ಮೀನಿನ ಪ್ರದರ್ಶನ: ಏಳೆಂಟು ಮೇಜು, ಮೇಜಿನ ಮೇಲೆ ಎಣಿಸಿ ಇಟ್ಟ ಮೀನು. ಗಲಾಟೆ ಮಾತ್ರ ನಮ್ಮಷ್ಟೇ. ಬಂದರಿನ ಉತ್ತರದ ದಂಡೆಯಲ್ಲಿ ಪುರಸಭೆಯ ಹಳೆಯ ಕಟ್ಟಡವೊಂದು ಹಾಗೇ ನಿಂತಿದೆ. ಅದರ ಅಕ್ಕಪಕ್ಕದವೆಲ್ಲ ಯುದ್ಧಾನಂತರದವು. 1943ರ ಜನವರಿಯ ಚಳಿಯಲ್ಲಿ ಜರ್ಮನ್ನರೂ ಫ್ರೆಂಚ್ ಪೊಲೀಸರೂ ಸೇರಿ ಅಲ್ಲಿದ್ದ ಸುಮಾರು 20,000 ಜನರನ್ನು ಎಬ್ಬಿಸಿ ಕಳಿಸಿದರು. ಫೆಬ್ರವರಿಯಲ್ಲಿ ಮದ್ದಿಟ್ಟು ಸುಮಾರು 1,500 ಕಟ್ಟಡಗಳನ್ನು ಕೆಡವಿದರು. ಈಗ ಅಲ್ಲಿ ಕೆಳಗೆ ಕಾಫಿ ಅಂಗಡಿಗಳಿವೆ.

ಹಂಚು ಕಂಡದ್ದು ಎಂಟನೆಯ ದಿನ. ಸ್ಟೇಷನ್ನಿನಿಂದ ಕಂಡ ಆ ಗುಡ್ಡದ ಇಗರ್ಜಿಗೆ ಹತ್ತಿದ್ದೆವು. ನೋತ್ರ್ ದಾಮ್ ದ ಲಾ ಗಾರ್ದ್ ಎಂದು ಅದರ ಹೆಸರು. ಊರವರು ಮಾತ್ರ ‘ಬೊನ್ ಮೇರ್’ ಅನ್ನುತ್ತಾರೆ, ಒಳ್ಳೇ ತಾಯಿ ಎಂದು. ಒಳಗೆ ಸೂರಿನಿಂದ ಸಣ್ಣ ಸಣ್ಣ ಹಡಗುಗಳನ್ನು ನೇತುಹಾಕಿದ್ದಾರೆ. ಸಮುದ್ರದಲ್ಲಿ ಜೀವ ಉಳಿದವರ ಹರಕೆಗಳು. ನಮ್ಮ ದೈವಸ್ಥಾನಗಳಿಗೆ ಬೆಳ್ಳಿಯ ಕೈಕಾಲು ಒಪ್ಪಿಸುವುದನ್ನು ಕಂಡವಳಿಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ. ಹೊರಗೆ ಬಂದು ಕಟ್ಟೆಗೆ ಒರಗಿ ಊರು ನೋಡಿದೆ. ಗಾಳಿ ಊರನ್ನು ತೊಳೆದಿಟ್ಟಂತಿತ್ತು. ಮಾಡುಗಳೆಲ್ಲ ಸ್ಪಷ್ಟ.

ಅವುಗಳಲ್ಲಿ ಎರಡು ಜಾತಿ. ಒಂದು ಅರ್ಧ ಕೊಳವೆಯಂಥ ಹಂಚು, ಒಂದು ಅಂಗಾತ ಒಂದು ಕವಿಚಿ ಹಾಕಿದ್ದು. ಅದು ನಮ್ಮ ನಾಡಹಂಚಿನ ಅಕ್ಕ. ಇನ್ನೊಂದು ಚಪ್ಪಟೆ, ಮೈಮೇಲೆ ಉದ್ದಕ್ಕೆ ಗಾಡಿ ಹೋದಂಥ ಎರಡು ಕಾಲುವೆ, ಒಂದರ ಅಂಚು ಇನ್ನೊಂದರ ಅಂಚಿಗೆ ಕೊಂಡಿ ಹಾಕಿ ಕೂತದ್ದು.

“ಇದು ನಮ್ಮ ಹಂಚಲ್ವನಾ!” ನನ್ನ ಧ್ವನಿಗೆ ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದವರು ತಿರುಗಿ ನೋಡಿದರು.

“ಅಲ್ಲಮ್ಮ,” ಎಂದ ಮಗ. ಅವನು ಅದಾಗಲೇ ಫೋನಿನಲ್ಲಿ ಹುಡುಕಿದ್ದ. “ನಮ್ಮದು ಅಂತ ನಾವು ಹೇಳುದು ಇವರ ಹಂಚು.”

ಆ ಮಾತನ್ನು ಜೀರ್ಣಿಸಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ವಿಷಯ ಹೀಗಿದೆ. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಈ ಹಂಚನ್ನು ಯೋಚಿಸಿ, 1841ರಲ್ಲಿ ಪೇಟೆಂಟ್ ಪಡೆದವರು ಗಿಲಾರ್ದೊನಿ ಸಹೋದರರು. ಅವರ ಊರು ಅಲ್ಟ್‌ಕಿರ್ಷ್, ಜರ್ಮನಿಯ ಗಡಿಗೆ ಹತ್ತಿರದ ಅಲ್ಸಾಸ್ ಸೀಮೆ. ಮಾರ್ಸೇಲ್ಸಿನ ಉತ್ತರದ ಅಂಚಿನಲ್ಲಿ ಸಾಂತ್ ಆಂದ್ರೆ, ಸಾಂತ್ ಆನ್ರಿ, ಎಸ್ತಾಕ್ ಎಂಬ ಊರುಗಳ ಗುಡ್ಡಗಳಲ್ಲಿ ಒಳ್ಳೆಯ ಆವೆಮಣ್ಣು ಇತ್ತು, ಗುಡ್ಡದ ಬುಡದಲ್ಲೇ ಸಮುದ್ರ. ಮೇಲಿನಿಂದ ಮಣ್ಣು ಇಳಿಸು, ನಡುವೆ ಸುಡು, ಕೆಳಗೆ ಹಡಗಿಗೆ ಏರಿಸು. ಕಾರ್ಖಾನೆಗಳು ಸಾಲಾಗಿ ಎದ್ದವು. ಹಂಚು ಭಾರದ ಸಾಮಾನು, ಹಡಗಿನ ತಳಕ್ಕೆ ತೂಕಕ್ಕೂ ಆಗುತ್ತಿತ್ತು. ಬ್ರೆಜಿಲಿಗೆ, ಮಾರಿಷಸ್ಸಿಗೆ, ಆಸ್ಟ್ರೇಲಿಯಕ್ಕೆ ಹೋಯಿತು. ಹೋದಲ್ಲೆಲ್ಲ ಜನ ಅದನ್ನು ಮಾರ್ಸೇಲ್ಸ್ ಹಂಚು ಎಂದು ಕರೆದರು.

ನಮ್ಮಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಶನರಿ 1865ರಲ್ಲಿ ನೇತ್ರಾವತಿಯ ಮಣ್ಣು ತೆಗೆದು ಇದೇ ಮಾದರಿಯ ಹಂಚು ಒತ್ತಿಸಿದ. ನನ್ನ ಮಾಡಿನ ಮೇಲಿದ್ದ ವರ್ಷ ಅದು. ಮೂರು ವರ್ಷ ಕಳೆದು ಆಲ್ಬುಕರ್ಕ್ ಮನೆತನದವರು ತಮ್ಮ ಕಾರ್ಖಾನೆ ತೆರೆದರು. ನಂತರ ಮಂಗಳೂರಿನ ಹೊಳೆಬದಿಯ ತುಂಬ ಹೊಗೆಗೂಡುಗಳು. ಆ ಹಂಚೂ ಹಡಗು ಹತ್ತಿತು. ಸಿಲೋನಿಗೆ, ಪೂರ್ವ ಆಫ್ರಿಕಕ್ಕೆ ಹೋಗಿ ‘ಮಂಗಳೂರು ಹಂಚು’ ಆಯಿತು. ಯೋಚಿಸಿದ್ದು ಅಲ್ಸಾಸಿನಲ್ಲಿ, ಮಿಶನ್ನು ಸ್ವಿಟ್ಜರ್ಲೆಂಡಿನದು, ಮಿಶನರಿ ಜರ್ಮನಿಯವ, ಹೆಸರು ಮಾತ್ರ ಹಡಗು ಹೊರಟ ಬಂದರಿನದು. ಇದನ್ನು ಅನ್ಯಾಯ ಅನ್ನಲು ನನಗೆ ಮನಸ್ಸಿಲ್ಲ. ಮಣ್ಣು ನಮ್ಮದು, ಸೌದೆ ನಮ್ಮದು, ಹೆಬ್ಬೆರಳು ಅಮ್ಮನದು.

ಇನ್ನೊಂದು ತಮಾಷೆ ಮಗನೇ ತೋರಿಸಿದ. ಫ್ರಾನ್ಸಿನ ರಾಷ್ಟ್ರಗೀತೆಯ ಹೆಸರು ‘ಲಾ ಮಾರ್ಸೆಯೇಸ್’, ಅಂದರೆ ಮಾರ್ಸೇಲ್ಸಿನವಳು. ಆದರೆ ಅದನ್ನು ರೂಜೆ ದ ಲೀಲ್ ಎಂಬ ಸೇನಾಧಿಕಾರಿ 1792ರಲ್ಲಿ ಬರೆದದ್ದು ಸ್ಟ್ರಾಸ್‌ಬರ್ಗಿನಲ್ಲಿ, ಅದೇ ಅಲ್ಸಾಸಿನಲ್ಲಿ. ಮಾರ್ಸೇಲ್ಸಿನ ಸ್ವಯಂಸೇವಕರು ಅದನ್ನು ಹಾಡುತ್ತ ಪ್ಯಾರಿಸ್ಸಿಗೆ ನಡೆದರು, ಹೆಸರು ಅವರಿಗೆ ಅಂಟಿತು. ಹಾಡೂ ಹಂಚೂ ಒಂದೇ ಸೀಮೆಯಲ್ಲಿ ಹುಟ್ಟಿ ಒಂದೇ ಬಂದರಿನ ಹೆಸರು ಹೊತ್ತುಕೊಂಡಿವೆ. ಸಾಲ ತೀರಿಸಿದಂತೆ ಆ ಊರಿನವರು ಒಂದು ಹೆಸರನ್ನು ನಮಗೆ ಬಿಟ್ಟಿದ್ದಾರೆ: ಅಲ್ಲಿನ ಅಂಗಡಿಗಳಲ್ಲಿ ಹೂಬಳ್ಳಿ ಅಚ್ಚೊತ್ತಿದ ಹತ್ತಿಬಟ್ಟೆ ಸಿಗುತ್ತದೆ, ಪ್ರೊವಾನ್ಸ್ ಸೀಮೆಯ ಹೆಮ್ಮೆ ಎಂದು ಪ್ರವಾಸಿಗರಿಗೆ ಮಾರುತ್ತಾರೆ. ಅದರ ಹೆಸರು ‘ಇಂಡಿಯೆನ್’. ಹದಿನೇಳನೆಯ ಶತಮಾನದಲ್ಲಿ ನಮ್ಮ ಅಚ್ಚುಬಟ್ಟೆ ಈ ಬಂದರಿನಲ್ಲಿ ಇಳಿದು ಹುಚ್ಚು ಹಿಡಿಸಿ, ಇಲ್ಲಿಯವರೇ ನಕಲು ಮಾಡತೊಡಗಿದರು. ಫ್ರಾನ್ಸಿನ ರೇಷ್ಮೆ, ಉಣ್ಣೆಯವರು ಗೋಳಾಡಿ 1686ರಲ್ಲಿ ಅದನ್ನು ನಿಷೇಧ ಮಾಡಿಸಿದರು. 1759ರವರೆಗೂ ನಿಷೇಧ ನಡೆಯಿತು. ಮೇಜಿನ ಹಾಸೊಂದರ ಬೆಲೆ ನೋಡಿ ನಾನೂ ನನ್ನ ಮಟ್ಟಿಗೆ ನಿಷೇಧ ಮುಂದುವರಿಸಿದೆ.

ಮಗನ ಮನೆ ನೊಆಯ್ ಪೇಟೆಯಿಂದ ಹತ್ತು ನಿಮಿಷ. ತರಕಾರಿಗೆ ದಿನವೂ ಅಲ್ಲಿಗೇ ಹೋಗುತ್ತಿದ್ದೆ. ಇಕ್ಕಟ್ಟಿನ ಗಲ್ಲಿಗಳಲ್ಲಿ ಅಲ್ಜೀರಿಯದವರು, ಟುನೀಸಿಯದವರು, ಕೊಮೊರೊ ದ್ವೀಪದವರು. ಪುದೀನ ಕಟ್ಟು, ಶುಂಠಿ, ಬೆಂಡೆಕಾಯಿ, ಕೊತ್ತಂಬರಿ, ಉಪ್ಪಿನಲ್ಲಿಟ್ಟ ನಿಂಬೆ. ನನ್ನ ಭಾಷೆ ಅವರಿಗಿಲ್ಲ, ಅವರದ್ದು ನನಗಿಲ್ಲ. ಬೆಂಡೆಕಾಯಿಯ ತುದಿ ಮುರಿದು ಎಳತೋ ಬಲಿತದ್ದೋ ನೋಡಿದ ಕೂಡಲೇ ಅಂಗಡಿಯವನು ನಕ್ಕು ಒಳಗಿನಿಂದ ಬೇರೆ ಬುಟ್ಟಿ ತಂದ. ಅಂದಿನಿಂದ ನಾನು ಹೋದರೆ ಅದೇ ಬುಟ್ಟಿ.

ಆ ಪೇಟೆಯ ಮೇಲ್ಗಡೆ ಓಬಾಞ್ ಬೀದಿಗೆ ಬೇಲಿ ಹಾಕಿದ್ದರು. 2018ರ ನವೆಂಬರ್ 5ರ ಬೆಳಿಗ್ಗೆ, ಮಳೆಗಾಲದ ಹಾಗೆ ಮಳೆ ಸುರಿದ ದಿನಗಳ ನಂತರ, ಅಲ್ಲಿ 63 ಮತ್ತು 65ನೇ ನಂಬರಿನ ಮನೆಗಳು ಕುಸಿದವು. ಎಂಟು ಜನ ಸತ್ತರು. ನಾನು ಹೋಗುವಾಗ ಎರಡು ತಿಂಗಳಾಗಿತ್ತು. ಬೇಲಿಯ ಬುಡದಲ್ಲಿ ಹೂ, ಮೇಣದ ಬತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋಟೋಗಳು. ಬಾಲ್ಕನಿಗಳಿಂದ ಕಪ್ಪಕ್ಷರದ ಬಟ್ಟೆಗಳು. ಊರಿನ ಸುಮಾರು ಒಂದು ಲಕ್ಷ ಜನ ಆರೋಗ್ಯಕ್ಕೂ ಜೀವಕ್ಕೂ ಅಪಾಯವಾದ ಮನೆಗಳಲ್ಲಿದ್ದಾರೆ ಎಂದು 2015ರಲ್ಲೇ ಸರಕಾರಿ ವರದಿ ಹೇಳಿತ್ತು. ಮೂರು ವರ್ಷ ಅದು ಕಡತದಲ್ಲಿ ಕೂತಿತ್ತು. ಎಂಟು ಜನ ಸತ್ತ ಮೇಲೆ ಎಲ್ಲರಿಗೂ ಹೆದರಿಕೆ ಹತ್ತಿ ಊರೆಲ್ಲ ಮನೆಗಳನ್ನು ತಪಾಸಣೆ ಮಾಡಿ ಸಾವಿರಕ್ಕೂ ಹೆಚ್ಚು ಜನರನ್ನು ಹೊರಗೆ ಕಳಿಸಿದರು. ಮಗನ ಲ್ಯಾಬಿನ ಹುಡುಗಿಯೊಬ್ಬಳು ಆ ಚಳಿಗಾಲವನ್ನು ಹೋಟೆಲ್ ಕೋಣೆಯಲ್ಲಿ ಕಳೆದಳು. ಮನೆಗೆ ಹೋಗಿ ಬಟ್ಟೆ ತರಲು ಹದಿನೈದು ನಿಮಿಷ ಕೊಟ್ಟಿದ್ದರಂತೆ. ಅವಳು ಸ್ವೆಟರ್ ಬಿಟ್ಟು ಪುಸ್ತಕ ತಂದಿದ್ದಳು. ನನ್ನ ಎರಡನೆಯ ಸ್ವೆಟರ್ ಅವಳಿಗೆ ಕೊಟ್ಟೆ. ಕುಸಿದ ಮನೆಗಳ ಬಗ್ಗೆ ನ್ಯಾಯಾಲಯದಲ್ಲಿ ವಿಚಾರಣೆ ನಡೆದದ್ದು 2024ರಲ್ಲಿ.

ಮಾಡು ಸೋರುವುದಕ್ಕೆ ಶುರುವಾದರೆ ಮನೆಯ ಆಯುಷ್ಯ ಮುಗಿಯತೊಡಗಿತು ಎಂದು ಅಮ್ಮ ಹೇಳುತ್ತಾಳೆ. ಮಳೆ ಹಿಡಿಯುವ ಮೊದಲು, ಪತ್ತನಾಜೆಯ ಒಳಗೆ ಮಾಡು ಹತ್ತಿ, ಮಂಗ ಜಾರಿಸಿದ ಹಂಚು ಸರಿ ಮಾಡಿ, ಒಡೆದದ್ದು ಬದಲಿಸಿ, ಪಾಚಿ ಗುಡಿಸುವುದು ನಮ್ಮಲ್ಲಿ ಪ್ರತಿ ಮನೆಯ ಕೆಲಸ. ಐದಾರು ಮಾಳಿಗೆ ಎತ್ತಿದ ಮನೆಯಲ್ಲಿ ಹತ್ತು ಸಂಸಾರಗಳಿದ್ದರೆ ಮಾಡು ಯಾರದ್ದು? ಮೇಲಿನವನದ್ದು ಎಂದು ಕೆಳಗಿನವನು, ಮಾಲೀಕನದ್ದು ಎಂದು ಬಾಡಿಗೆಯವನು, ಮುನ್ಸಿಪಾಲಿಟಿಯದ್ದು ಎಂದು ಮಾಲೀಕ. ಈಗ ಮಂಗಳೂರಿನಲ್ಲೂ ಫ್ಲ್ಯಾಟುಗಳ ಟೆರೇಸಿನ ಜಗಳ ಕೇಳುವಾಗ ನನಗೆ ಆ ಬೀದಿಯ ಬೇಲಿ ನೆನಪಾಗುತ್ತದೆ.

ಎಸ್ತಾಕಿಗೆ ಹೋದದ್ದು ಜನವರಿಯ ಕೊನೆಯ ವಾರ. ಬೇಸಗೆಯಲ್ಲಾದರೆ ಹಳೇ ಬಂದರಿನಿಂದ ದೋಣಿ ಇದೆ. ಚಳಿಗಾಲದಲ್ಲಿ ಜೊಲಿಯೆತ್‌ನಿಂದ 35ನೇ ನಂಬರಿನ ಬಸ್ಸು. ಬಸ್ಸಿನ ಒಂದು ಬದಿಗೆ ಮುಗಿಯದಷ್ಟು ಉದ್ದ ಹಡಗುಕಟ್ಟೆಗಳು. 1914ರ ಸೆಪ್ಟೆಂಬರಿನಲ್ಲಿ ನಮ್ಮ ದೇಶದ ಸಿಪಾಯಿಗಳು ಇದೇ ಬಂದರಿನಲ್ಲಿ ಇಳಿದು ಉತ್ತರದ ಕಂದಕಗಳಿಗೆ ಹೋದರು, ಮೊದಲ ಚಳಿಗಾಲಕ್ಕೆ ಸರಿಯಾದ ಬೆಚ್ಚನೆ ಉಡುಪಿಲ್ಲದೆ. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ದುಂಡುಮೇಜಿನ ಪರಿಷತ್ತಿಗೆ ಹೋಗುವಾಗ ಹಡಗು ಇಳಿದದ್ದೂ ಈ ಊರಿನಲ್ಲೇ. ಮೈಮೇಲೆ ಪಂಚೆ ಶಾಲು. ಬಸ್ಸಿನಲ್ಲಿ ಮಂಕಿ ಕ್ಯಾಪ್ ಸರಿಪಡಿಸಿಕೊಳ್ಳುತ್ತ ನನಗೆ ಸ್ವಲ್ಪ ಸಂಕೋಚವಾಯಿತು. ಆದರೆ ಅವರು ಬಂದದ್ದು ಸೆಪ್ಟೆಂಬರಿನಲ್ಲಿ.

ಎಸ್ತಾಕ್ ಚಿತ್ರಕಾರರ ಊರು. 1870ರ ಯುದ್ಧದಲ್ಲಿ ಸೈನ್ಯಕ್ಕೆ ಹೋಗದೆ ತಪ್ಪಿಸಿಕೊಳ್ಳಲು ಸೆಝಾನ್ ಇಲ್ಲಿ ಅಡಗಿದ್ದ, ನಂತರವೂ ಮತ್ತೆ ಮತ್ತೆ ಬಂದ. ನೀಲಿ ಸಮುದ್ರದ ಮೇಲೆ ಕೆಂಪು ಮಾಡು, ಇಸ್ಪೀಟು ಎಲೆಯ ಹಾಗೆ ಇದೆ ಎಂದು ಗೆಳೆಯ ಪಿಸಾರೋಗೆ ಕಾಗದ ಬರೆದಿದ್ದ. 1908ರಲ್ಲಿ ಬ್ರಾಕ್ ಇಲ್ಲಿನ ಮನೆಗಳನ್ನು ಪೆಟ್ಟಿಗೆ ಪೆಟ್ಟಿಗೆಯಾಗಿ ಬರೆದ. ವಿಮರ್ಶಕನೊಬ್ಬ ಅವನ್ನು ‘ಘನಗಳು’ ಎಂದು ಹಂಗಿಸಿದ್ದೇ ಆಮೇಲೆ ಒಂದು ಪಂಥದ ಹೆಸರಾಯಿತು. ಚಿತ್ರಕಾರರು ನಿಂತ ಜಾಗಗಳಲ್ಲಿ ಫಲಕ ನೆಟ್ಟಿದ್ದಾರೆ. ಸೆಝಾನನ ಒಂದು ಚಿತ್ರದಲ್ಲಿ ಮಾಡುಗಳ ನಡುವೆ ಒಂದು ಚಿಮಣಿ ನೆಟ್ಟಗೆ ನಿಂತಿದೆ. ನೀಲಿಯ ಬಗ್ಗೆ, ಕೆಂಪಿನ ಬಗ್ಗೆ ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ. ನನಗೆ ಅದರ ಕೆಳಗಿನ ಭಟ್ಟಿಯನ್ನು ಯಾರು ಉರಿಸುತ್ತಿದ್ದರು ಎಂಬ ಯೋಚನೆ. ಈ ಕರಾವಳಿಯ ಹಂಚಿನ ಕಾರ್ಖಾನೆಗಳಿಗೆ ಇಟಲಿಯ ಪಿಯೆಮೋಂತೆಯ ಬಡವರು ಬಂದರು, ಅವರ ಹಿಂದೆ ಅಲ್ಜೀರಿಯದ ಕಬೀಲರು ಬಂದರು. ಅವರ ಫಲಕ ನನ್ನ ಕಣ್ಣಿಗೆ ಬೀಳಲಿಲ್ಲ.

ಮೂಗು ತುದಿ ಮರಗಟ್ಟಿದಾಗ ಸಮುದ್ರದೆದುರಿನ ಗೂಡಂಗಡಿಯಿಂದ ಎಣ್ಣೆಯ ವಾಸನೆ ಬಂತು. ಪಾನಿಸ್ ಎಂಬ ತಿಂಡಿ. ಬಾಯಿಗೆ ಹಾಕಿದ ಕೂಡಲೇ ತಿಳಿಯಿತು, ಕಡಲೆಹಿಟ್ಟು! ಹಿಟ್ಟನ್ನು ನೀರಿನಲ್ಲಿ ಮಗುಚಿ ಗಟ್ಟಿ ಮಾಡಿ, ಕೊಳವೆಯಾಕಾರಕ್ಕೆ ತಣಿಸಿ, ಬಿಲ್ಲೆ ಕತ್ತರಿಸಿ ಕರಿಯುತ್ತಾರೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ಉಪ್ಪು ಮತ್ತು ಕಾಳುಮೆಣಸು. ಖಾರ ಮರೆತ ಪೋಡಿ ಅನ್ನಬಹುದು. ಒಂದು ಪೊಟ್ಟಣಕ್ಕೆ ನಿಲ್ಲಿಸುವ ಎಂದು ಶುರು ಮಾಡಿ ಮೂರು ತಿಂದೆವು. ಅಂಗಡಿಯ ಹೆಂಗಸಿಗೆ ಮಗ ನನ್ನ ಹಂಚಿನ ಕತೆ ಹೇಳಿದ. ಅವಳು ಜಾಲರಿ ಸೌಟನ್ನು ಎಣ್ಣೆಯಲ್ಲೇ ಬಿಟ್ಟು, ನೀವು ಕಾರ್ಖಾನೆ ಹುಡುಕಬೇಡಿ, ಗುಜರಿ ಸಂತೆಗೆ ಹೋಗಿ ಎಂದಳಂತೆ. ಅವಳ ಅಜ್ಜ ಸಾಂತ್ ಆನ್ರಿಯಲ್ಲಿ ಮಣ್ಣು ಹೊತ್ತವನು. ಮನೆಯಲ್ಲಿ ಹಂಚು ಉಂಟಾ ಎಂದು ಕೇಳಿಸಿದೆ. ಇಲ್ಲ, ಯಾಕೆ ಇಡಬೇಕು ಎಂದಳು. ಅದೂ ಸರಿಯೇ.

ಗುಜರಿ ಸಂತೆ ಊರಿನ ಉತ್ತರಕ್ಕೆ, ಭಾನುವಾರ. ಹಳೇ ಫೋನು, ಒಂಟಿ ಚಪ್ಪಲಿ, ಹೊಲಿಗೆ ಮೆಷಿನ್ನಿನ ತಲೆ, ಗೊಂಬೆಯ ಕೈ. ಒಬ್ಬ ಮುದುಕ ಹಳೆಮನೆಯ ಸಾಮಾನು ಹರಡಿ ಕೂತಿದ್ದ. ಬಾಗಿಲ ಚಿಲಕಗಳ ನಡುವೆ ನಾಲ್ಕು ಹಂಚು. ನಾನು ಒಂದನ್ನು ಎತ್ತಿ ಮಗುಚಿದೆ. ಹೊಟ್ಟೆಯ ಮೇಲೆ ಉಬ್ಬಿದ ಅಕ್ಷರ, ಸಾಂತ್ ಆಂದ್ರೆ, ಮಾರ್ಸೇಲ್ಸ್. ನಡುವೆ ರೆಕ್ಕೆ ಬಿಚ್ಚಿದ ಒಂದು ಜೇನುನೊಣ. ಅಲ್ಲಿನ ಕಾರ್ಖಾನೆಗಳು ಹಂಚಿಗೆ ಹೀಗೆ ಗುರುತು ಒತ್ತುತ್ತಿದ್ದವು, ಒಬ್ಬರದ್ದು ನಕ್ಷತ್ರ, ಒಬ್ಬರದ್ದು ಹೃದಯ. ಓದು ಬಾರದವನಿಗೂ ಗುರುತು ಸಿಗುತ್ತದೆ, ನಮ್ಮ ಬೀಡಿ ಕಟ್ಟುಗಳ ಮೇಲಿನ ಚಿತ್ರಗಳ ಹಾಗೆ. ಐವತ್ತು ವರ್ಷದ ಮೇಲೆ ನಾನು ಮತ್ತೆ ಹಂಚಿನಿಂದ ಅಕ್ಷರ ಓದುತ್ತಿದ್ದೆ, ಈ ಸಲ ಅಂಗಾತ ಮಲಗದೆ.

ಮುದುಕ ಐದು ಯೂರೋ ಎಂದ. ಮಗ ತಲೆಗೆ ಕೈ ಹೊತ್ತುಕೊಂಡ.

“ಅಮ್ಮಾ, ಮಂಗಳೂರಿಗೆ ಹಂಚು ತಕೊಂಡು ಹೋಗುದಾ? ಜನ ಕೇಳಿದ್ರೆ ನಗ್ತಾರೆ.”

“ನಗಲಿ. ನಿನ್ನ ಅಜ್ಜಿಗೆ ಸೆಂಟು ತಕೊಂಡು ಹೋದ್ರೆ ಅವಳು ನಗ್ತಾಳೆ.”

ಹೊರಡುವ ಮೊದಲು ಫೆಬ್ರವರಿ 2 ಬಂತು, ಶನಿವಾರ. ಆ ದಿನ ಅಲ್ಲಿ ಶಾಂದಲರ್ ಎಂಬ ಹಬ್ಬ, ದೀಪಗಳ ಹಬ್ಬ. ಹಳೇ ಬಂದರಿನ ದಕ್ಷಿಣಕ್ಕೆ ಕೋಟೆಯ ಹಾಗಿರುವ ಸಾಂ ವಿಕ್ತೋರ್ ಮಠ. ಅದರ ಮೂಲ ಐದನೆಯ ಶತಮಾನದಷ್ಟು ಹಿಂದಿನದು. ನೆಲಮಾಳಿಗೆಯಲ್ಲಿ ಕಪ್ಪು ಮಾತೆಯ ಮರದ ವಿಗ್ರಹ. ಅವಳನ್ನು ಆ ದಿನ ಹಸಿರು ಉಡಿಸಿ ಹೊರಗೆ ತರುತ್ತಾರೆ. ಮೇಣದ ಬತ್ತಿಯೂ ಹಸಿರು. ಬೆಳಗಾಗುವ ಮೊದಲಿನ ಕತ್ತಲಲ್ಲಿ, ಕೈ ಸೆಟೆದುಹೋಗುವ ಚಳಿಯಲ್ಲಿ, ಬಂದರಿನಿಂದ ಮೆರವಣಿಗೆ ಹೊರಟಿತು. ನಾನು ಗುಂಪಿನ ತುದಿಯಲ್ಲಿದ್ದೆ. ಪಕ್ಕದಲ್ಲಿ ಕಪ್ಪು ಕೋಟಿನ ಅಜ್ಜಿಯೊಬ್ಬರು ನನ್ನ ಬತ್ತಿ ಗಾಳಿಗೆ ಆರಿದಾಗಲೆಲ್ಲ ತಮ್ಮದರಿಂದ ಹಚ್ಚಿಕೊಟ್ಟರು. ಐದು ಸಲವೋ ಆರು ಸಲವೋ. ಒಂದೇ ಒಂದು ಮಾತಾಡಲಿಲ್ಲ. ಮೊಂತಿ ಹಬ್ಬಕ್ಕೆ ನಮ್ಮ ನೆರೆಮನೆಯ ಬಾಯಮ್ಮ ಹೊಸ ತೆನೆ ತಂದುಕೊಡುವಾಗ ಹೀಗೇ, ಏನೂ ಹೇಳದೆ ಜಗಲಿಯ ಮೇಲಿಟ್ಟು ಹೋಗುತ್ತಿದ್ದರು.

ಮಠದ ಪಕ್ಕದ ಬೀದಿಯಲ್ಲಿ 1781ರಿಂದ ಇರುವ ಬೇಕರಿ. ಅಲ್ಲಿ ನಾವೆತ್ ಎಂಬ ದೋಣಿಯಾಕಾರದ ಬಿಸ್ಕತ್ತು ಸಿಗುತ್ತದೆ, ಕಿತ್ತಳೆ ಹೂವಿನ ನೀರಿನ ಪರಿಮಳ. ಒಂದನ್ನು ತಿನ್ನದೆ ಮುಂದಿನ ವರ್ಷದವರೆಗೆ ಮನೆಯಲ್ಲಿಟ್ಟರೆ ಮನೆಗೆ ಕೇಡು ತಾಗುವುದಿಲ್ಲ ಎಂದು ನಂಬಿಕೆ, ಹಸಿರು ಬತ್ತಿಗೂ ಅದೇ. ಒಂದು ಡಜನ್ ತೆಗೆದುಕೊಂಡೆ. ಓಬಾಞ್ ಬೀದಿಯ ಬೇಲಿಯ ಬುಡದಲ್ಲಿ ಆ ವಾರ ಹಸಿರು ಬತ್ತಿಗಳೂ ಇದ್ದವು.

ಹಂಚನ್ನು ಎರಡು ಕಾಟನ್ ಸೀರೆಯಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡೆ. ಲಗೇಜಿಗೆ ಹಾಕಿದರೆ ಒಡೆಯುತ್ತದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಚೀಲ ಪಕ್ಕಕ್ಕೆ ಸರಿಯಿತು. ಸಮವಸ್ತ್ರದ ಹುಡುಗಿ ಸೀರೆ ಬಿಚ್ಚಿ, ಹಂಚು ನೋಡಿ, ನನ್ನನ್ನು ನೋಡಿ, ಇನ್ನೊಬ್ಬನನ್ನು ಕರೆದಳು. ಅವನು ಬಂದು ನೊಣವನ್ನು ಬೆರಳಿನಲ್ಲಿ ಸವರಿ, ಏನೋ ಹೇಳಿ ನಕ್ಕ. ಹುಡುಗಿ ಸೀರೆಯನ್ನು ನನಗಿಂತ ಚೆನ್ನಾಗಿ ಸುತ್ತಿ ಕೊಟ್ಟಳು.

ಅಮ್ಮನಿಗೆ ಆಗ ಎಂಬತ್ತೊಂದು. ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ನಾನು ಸೀರೆ ಬಿಚ್ಚಿ ಹಂಚನ್ನು ಅವಳ ಮಡಿಲಲ್ಲಿಟ್ಟೆ. ಅಲ್ಸಾಸು, ಗಿಲಾರ್ದೊನಿ, ಪ್ಲೆಬ್ಸ್ಟ್, ಬಂದರಿನ ಹೆಸರು ಎಂದು ದಾರಿಯುದ್ದಕ್ಕೂ ಜೋಡಿಸಿಟ್ಟಿದ್ದ ಪಾಠವನ್ನು ಶುರು ಮಾಡಿದೆ. ಅವಳು ಕೇಳಲಿಲ್ಲ. ಹಂಚನ್ನು ಎತ್ತಿ ತೂಗಿದಳು. ಬೆರಳ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳಿದಳು. ಮಗುಚಿದಳು, ಜೇನುನೊಣದ ಮೇಲೆ ಕಣ್ಣು ನಿಲ್ಲಲೇ ಇಲ್ಲ. ಆಮೇಲೆ ಆ ಚಪ್ಪಟೆ ಹೆಬ್ಬೆರಳನ್ನು ಅಂಚಿನ ಸುತ್ತ ನಿಧಾನವಾಗಿ ಒಂದು ಸುತ್ತು ತಂದಳು. ಕೆಳಗಿನ ಎಡಮೂಲೆಯಲ್ಲಿ ಬೆರಳು ನಿಂತಿತು.

“ಸುಟ್ಟದ್ದು ಒಳ್ಳೆದುಂಟು,” ಎಂದಳು. “ಕೆತ್ತಿದವಳು ಹೊಸಬಳು.”

ಆ ಹಂಚು ಈಗ ಬಾವಿಕಟ್ಟೆಯ ಪಕ್ಕದಲ್ಲಿದೆ. ಅದರ ಮೇಲೆ ಅವಳು ಹುಣಸೆಹುಳಿ ಒಣಗಿಸುತ್ತಾಳೆ.